ಅವ್ವನ ಮೊಣಕಾಲು, ಕೊಪ್ಪಳದ ಗಾಳಿ

ಟೆಂಟ್ ಮಾರುವವರ ಲೆಕ್ಕದಲ್ಲಿ ಮನುಷ್ಯ ಅಂದರೆ ಅರ್ಧ ಮೀಟರ್ ಅಗಲದ ಪ್ರಾಣಿ. ‘ನಾಲ್ಕು ಜನರ ಟೆಂಟ್’ ಅಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಕೆಳಗೆ ಎಲ್ಲೋ ಸಣ್ಣ ಅಕ್ಷರದಲ್ಲಿ ಒಳಗಿನ ಅಗಲ 210 ಸೆಂಟಿಮೀಟರ್. ಭಾಗಿಸಿ ನೋಡಿ, ತಲೆಗೆ 52 ಚಿಲ್ಲರೆ ಸೆಂಟಿಮೀಟರ್ ಬರುತ್ತದೆ. ಅಷ್ಟರಲ್ಲಿ ಮಲಗಿದವರು ರಾತ್ರಿ ಮಗ್ಗುಲು ಬದಲಿಸುವ ಹಾಗಿಲ್ಲ. ಬದಲಿಸಲೇಬೇಕು ಅಂದರೆ ನಾಲ್ಕೂ ಜನ ಮಾತಾಡಿಕೊಂಡು ಒಟ್ಟಿಗೆ ಒಂದೇ ಕಡೆ ಹೊರಳಬೇಕು. ಅದೂ ಗೋಡೆ ನೆಟ್ಟಗಿದ್ದರೆ. ಗುಮ್ಮಟದ ಆಕಾರದ ಟೆಂಟಿನ ಗೋಡೆ ಬುಡದಿಂದಲೇ ಒಳಕ್ಕೆ ಬಾಗಿರುತ್ತದೆ, ಅಂಚಿನಲ್ಲಿ ಮಲಗಿದವರ ಮೂಗಿಗೆ ಬಟ್ಟೆ ತಾಗುತ್ತದೆ.

ಇದನ್ನು ಓದಿ ನಂಬುವುದಕ್ಕಿಂತ ಅಳೆದು ನೋಡುವುದು ಒಳ್ಳೇದು. ನಾವು ಪಡಸಾಲೆಯ ಕುರ್ಚಿ, ಟೀಪಾಯಿ ಎಲ್ಲ ಸರಿಸಿ, ಚಾಕ್‌ಪೀಸಿನಲ್ಲಿ ಆ ಅಳತೆಯ ಚೌಕ ಬರೆದು, ಮನೆ ಮಂದಿಯೆಲ್ಲ ಅದರೊಳಗೆ ಮಲಗಿದೆವು. ನಾನು, ಹೆಂಡತಿ, ಇಬ್ಬರು ಮಕ್ಕಳು, ಅವ್ವ. ಅವ್ವ ಮೊದಲು ‘ನಾ ಒಲ್ಲೆ’ ಅಂದಳು. ಆಮೇಲೆ ತನ್ನ ಕೌದಿ ತಂದು ಚೌಕದ ಒಂದು ಮೂಲೆಯಲ್ಲಿ ಹಾಸಿದಳು, ಕೌದಿಯೊಂದೇ ಅರ್ಧ ಟೆಂಟ್ ನುಂಗಿತು. ಮಗಳು ಯಾವಾಗಲೂ ಅಡ್ಡ ಮಲಗುವವಳು. ಮಗ ನಿದ್ದೆಯಲ್ಲಿ ತಿರುಗುತ್ತಾ ತಿರುಗುತ್ತಾ ಬೆಳಗಾಗುವಷ್ಟರಲ್ಲಿ ಕಾಲಿದ್ದ ಕಡೆ ತಲೆ ಮಾಡಿರುತ್ತಾನೆ. ನನ್ನ ಎಡಗೈ ಮತ್ತು ಎಡಗಾಲು ಗೆರೆ ದಾಟಿ ಟೆಂಟಿನ ಹೊರಗಿದ್ದವು. ಹೆಂಡತಿ ಮಲಗಿದಲ್ಲಿಂದಲೇ ಕೇಳಿದಳು, ‘ಬ್ಯಾಗು ಎಲ್ಲಿ ಇಡೋದ್ರೀ?’

ಹಾಗಾಗಿ ಮೊದಲ ಸೂತ್ರ: ಡಬ್ಬದ ಮೇಲಿನ ಸಂಖ್ಯೆಯಿಂದ ಎರಡು ಕಳೆಯಬೇಕು. ಹಿರಿಯರಿದ್ದರೆ ಕಣ್ಣು ಮುಚ್ಚಿ ಕಳೆಯಬೇಕು, ಮಕ್ಕಳಿದ್ದರೆ ಸ್ವಲ್ಪ ಚೌಕಾಸಿ ಮಾಡಬಹುದು. ನಮ್ಮ ಐದು ಜನಕ್ಕೆ ಆರು ಜನರದ್ದು ಇಕ್ಕಟ್ಟಾಗಿ ಸಾಕು, ಎಂಟು ಜನರದ್ದು ಆರಾಮ.

ಇಷ್ಟು ದೊಡ್ಡದನ್ನು ಹೊರುವವರು ಯಾರು ಅನ್ನೋ ಪ್ರಶ್ನೆಗೆ ಉತ್ತರ ಮನೆ ಮುಂದೆ ನಿಂತಿದೆ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರು ಎರಡು ಕಿಲೋ ಟೆಂಟಿಗೂ ಗೊಣಗುತ್ತಾರೆ, ಗ್ರಾಂ ಲೆಕ್ಕದಲ್ಲಿ ದುಡ್ಡು ಸುರಿಯುತ್ತಾರೆ. ಕಾರಲ್ಲಿ ಹೋಗುವವರಿಗೆ ಆ ಚಿಂತೆ ಇಲ್ಲ. ಏಳೆಂಟು ಕಿಲೋ ಆದರೂ ಡಿಕ್ಕಿಯಿಂದ ತೆಗೆದು ಹತ್ತು ಹೆಜ್ಜೆ ಹಾಕಿದರೆ ಮುಗೀತು. ತೂಕ ನೋಡಬೇಡಿ, ಉದ್ದ ನೋಡಿ. ಮಡಚಿದ ಚೀಲ ಎಪ್ಪತ್ತು ಸೆಂಟಿಮೀಟರ್ ಉದ್ದ ಇದ್ದರೆ ಸಣ್ಣ ಕಾರಿನ ಡಿಕ್ಕಿಯಲ್ಲಿ ಅಡ್ಡಡ್ಡ ಹೋಗುತ್ತದಾ ಅಂತ ಟೇಪ್ ಹಿಡಿದು ನೋಡಬೇಕು. ಏಕೆಂದರೆ ಅಲ್ಲಿ ಆಗಲೇ 20 ಲೀಟರಿನ ನೀರಿನ ಕ್ಯಾನ್, ಸ್ಟೋವ್, ಖಡಕ್ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಂಡಕ್ಕಿ ಚೀಲ ಎಲ್ಲ ತಮ್ಮ ತಮ್ಮ ಜಾಗ ಹಿಡಿದು ಕೂತಿರುತ್ತವೆ. ಒಂದೇ ರಾತ್ರಿಗೆ ಹೋಗುವುದು ಅಂದರೂ ಬಳ್ಳಾರಿಯವರ ಡಿಕ್ಕಿ ಮದುವೆಗೆ ಹೊರಟಷ್ಟೇ ತುಂಬುತ್ತದೆ.

ಹೋಗುವುದಾದರೂ ದೂರ ಏನಲ್ಲ. ಕುರುಗೋಡು, ಕಂಪ್ಲಿ ದಾಟಿ ಗಂಗಾವತಿ ಕಡೆ. ಆನೆಗೊಂದಿ ಹತ್ತಿರ ಪರಿಚಯದವರ ತೋಟವಿದೆ. ಡಿಸೆಂಬರ್ ರಜೆಯಲ್ಲಿ ಒಂದು ರಾತ್ರಿ ಅಲ್ಲಿ ಟೆಂಟ್ ಹಾಕಿಕೊಂಡು ಇರೋಣ ಅಂತ ಮಕ್ಕಳು ಹಟ ಹಿಡಿದರು. ಅವ್ವನಿಗೆ ಈ ಯೋಜನೆಯ ತರ್ಕ ಇನ್ನೂ ಹತ್ತಿಲ್ಲ. ‘ಮನಿ ಬಿಟ್ಟು ಹೊಲದಾಗ ಮಲಗಾಕ ಮತ್ತೊಂದು ಮನಿ ಕೊಳ್ತೀಯೇನು?’ ಅಂತ ಕೇಳಿದಳು. ಅವಳ ತವರು ಯಲಬುರ್ಗಾ ಕಡೆ. ಕೊಪ್ಪಳದ ಗವಿಮಠದ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗಿ, ಬಂಡಿ ಕೆಳಗೇ ಚಾಪೆ ಹಾಸಿ ಮಲಗಿ ಬೆಳೆದವಳು. ಜನವರಿ ಚಳಿಯಲ್ಲಿ. ಅವಳ ಪ್ರಕಾರ ಮೇಲೆ ಬಂಡಿ, ಕೆಳಗೆ ಕೌದಿ, ಪಕ್ಕದಲ್ಲಿ ಎತ್ತು ಇದ್ದರೆ ಅದಕ್ಕಿಂತ ಭದ್ರ ಜಾಗ ಇನ್ನೊಂದಿಲ್ಲ. ನಮ್ಮ ಕಡೆಯ ಕುರಿಗಾರರಂತೂ ವರ್ಷದಲ್ಲಿ ಎಷ್ಟೋ ತಿಂಗಳು ಹೊಲದಿಂದ ಹೊಲಕ್ಕೆ ಹೋಗುತ್ತಾ, ಗೊಬ್ಬರಕ್ಕೆ ಅಂತ ಕುರಿ ನಿಲ್ಲಿಸಿದ ಹೊಲದಲ್ಲೇ ಕಂಬಳಿ ಹೊದ್ದು ಮಲಗುತ್ತಾರೆ. ಯಾರೂ ಅದಕ್ಕೆ ಕ್ಯಾಂಪಿಂಗ್ ಅನ್ನಲಿಲ್ಲ, ಯಾರೂ ಫೋಟೋ ಹಾಕಲಿಲ್ಲ. ಆದರೆ ಅವ್ವನ ಆ ಮೊಣಕಾಲು ಈಗ ಇಲ್ಲ. ಬಂಡಿ ಕೆಳಗೆ ನುಸುಳಿ ಮಲಗುತ್ತಿದ್ದವಳು ಈಗ ಕೆಳಗೆ ಕೂತರೆ ಏಳುವುದಕ್ಕೆ ಇಬ್ಬರು ಬೇಕು.

ಟೆಂಟಿನ ಆಯ್ಕೆ ನಿಜವಾಗಿ ಶುರುವಾಗುವುದು ಇಲ್ಲಿಂದ.

ಸಾಮಾನ್ಯ ನಾಲ್ಕು ಜನರ ಗುಮ್ಮಟದ ಟೆಂಟಿನ ಎತ್ತರ ಸುಮಾರು 130 ಸೆಂಟಿಮೀಟರ್. ಅದರ ಬಾಗಿಲು ಇನ್ನೂ ಗಿಡ್ಡ. ಒಳಗೆ ಹೋಗಬೇಕು ಅಂದರೆ ಅಂಗೈ ಮೊಣಕಾಲು ನೆಲಕ್ಕೆ ಊರಿ ತೆವಳಬೇಕು, ಬೆಳಗ್ಗೆ ತೆವಳಿಕೊಂಡೇ ಹೊರಗೆ ಬರಬೇಕು. ಹುಡುಗರಿಗೆ ಅದೇ ಮಜಾ. ಅರವತ್ತೈದು ದಾಟಿದವರಿಗೆ ಅದು ಶಿಕ್ಷೆ. ಇನ್ನೊಂದು ವಿಷಯ, ಟೆಂಟ್ ಬಗ್ಗೆ ವಿಡಿಯೋ ಮಾಡುವ ಒಬ್ಬರೂ ಹೇಳದ್ದು: ಅಷ್ಟು ಗಿಡ್ಡ ಟೆಂಟಿನಲ್ಲಿ ಸೀರೆ ಉಡಲು ಆಗುವುದಿಲ್ಲ. ನಿರಿಗೆ ಹಿಡಿಯಬೇಕು ಅಂದರೆ ನೆಟ್ಟಗೆ ನಿಲ್ಲಬೇಕು, ಸೆರಗು ಬೀಸಿ ಹೆಗಲಿಗೆ ಹಾಕಲು ಮೇಲೆ ಒಂದು ಮೊಳ ಜಾಗ ಬೇಕು. ಅವ್ವ ಕೂತು ಸೀರೆ ಸುತ್ತಿಕೊಳ್ಳುವ ಜಾತಿಯವಳಲ್ಲ. ಹಾಗಾಗಿ ಎತ್ತರ ಕನಿಷ್ಠ 180 ಸೆಂಟಿಮೀಟರ್ ಬೇಕು ಅಂತ ಮನೆಯಲ್ಲಿ ತೀರ್ಮಾನವಾಯಿತು.

ಅಷ್ಟೆತ್ತರದ ಟೆಂಟುಗಳಲ್ಲಿ ನೋಡಲು ಚೆಂದ ಇರುವುದು ಕ್ಯಾಬಿನ್ ಟೆಂಟ್. ನಾಲ್ಕೂ ಗೋಡೆ ನೆಟ್ಟಗೆ, ಬಾಗಿಲು ಬಾಗಿಲಿನಷ್ಟೇ ದೊಡ್ಡದು, ಒಳಗೆ ಓಡಾಡಬಹುದು. ಹೆಂಡತಿಗೆ ನೋಡಿದ ತಕ್ಷಣ ಹಿಡಿಸಿತು. ಆದರೆ ಕೊಪ್ಪಳ ಕಡೆ ಓಡಾಡಿದವರಿಗೆ ಗೊತ್ತು, ಅಲ್ಲಿ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ಶೋಕಿಗೆ ನಿಲ್ಲಿಸಿಲ್ಲ. ಆಷಾಢದ ಗಾಳಿಗೆ ಬೈಕ್ ಪಕ್ಕಕ್ಕೆ ಜರುಗುತ್ತದೆ. ಏಪ್ರಿಲ್, ಮೇ ಸಂಜೆಗಳಲ್ಲಿ ಮೋಡ ಕಟ್ಟಿದರೆ ಮೊದಲು ಬರುವುದು ಕೆಂಪು ಧೂಳು, ಆಮೇಲೆ ಗಾಳಿ, ಕೊನೆಗೆ ಮನಸ್ಸಾದರೆ ನಾಲ್ಕು ಹನಿ. ತಗಡು ಹಾರುತ್ತದೆ, ಬಾಳೆ ತೋಟ ನೆಲಕ್ಕೆ ಮಲಗುತ್ತದೆ. ನೆಟ್ಟನೆ ಗೋಡೆಯ ಟೆಂಟ್ ಇಂಥ ಗಾಳಿಗೆ ಎದೆ ಕೊಟ್ಟು ನಿಲ್ಲುತ್ತದೆ, ನಿಂತದ್ದು ಬೀಳುತ್ತದೆ. ಗುಮ್ಮಟ ಹಾಗಲ್ಲ. ಕೋಲುಗಳು ಒಂದರ ಮೇಲೊಂದು ಅಡ್ಡ ಹಾದು ಬಾಗಿರುವುದರಿಂದ ಗಾಳಿ ಬೆನ್ನ ಮೇಲೆ ಜಾರಿಕೊಂಡು ಹೋಗುತ್ತದೆ. ತಗ್ಗಿದಷ್ಟೂ ಭದ್ರ.

ಅಂದರೆ ಗಾಳಿ ‘ತಗ್ಗು’ ಅನ್ನುತ್ತದೆ, ಅವ್ವನ ಮೊಣಕಾಲು ‘ನಾ ತಗ್ಗಲ್ಲ’ ಅನ್ನುತ್ತದೆ. ಇವೆರಡರ ನಡುವೆ ರಾಜಿ ಮಾಡಿಸುವುದೇ ಟೆಂಟ್ ಕೊಳ್ಳುವ ಕೆಲಸ. ಉಳಿದದ್ದೆಲ್ಲ ಬಣ್ಣ, ಜೇಬು, ಲೈಟ್ ನೇತುಹಾಕುವ ಕೊಂಡಿ.

ಇನ್ನು ಮಳೆ. ಟೆಂಟ್ ಜಾಹೀರಾತುಗಳಲ್ಲಿ ಅರ್ಧ ಮಾತು ಮಳೆಯದ್ದೇ. ‘ವಾಟರ್‌ಪ್ರೂಫ್ 3000 ಮಿಲಿಮೀಟರ್’ ಅಂತ ಬರೆದಿರುತ್ತಾರೆ. ಅದರ ಅರ್ಥ ಇಷ್ಟೇ: ಬಟ್ಟೆಯನ್ನು ಬಿಗಿಯಾಗಿ ಹಿಡಿದು ನೀರಿನ ಒತ್ತಡ ಏರಿಸುತ್ತಾ ಹೋಗುತ್ತಾರೆ, ಬಟ್ಟೆಯ ಮೂರು ಕಡೆ ಹನಿ ಜಿನುಗಿದಾಗ ನಿಲ್ಲಿಸುತ್ತಾರೆ, ಆಗಿನ ಒತ್ತಡ ಎಷ್ಟು ಎತ್ತರದ ನೀರಿಗೆ ಸಮವೋ ಅದೇ ಸಂಖ್ಯೆ. 3000 ಅಂದರೆ ಮೂರು ಮೀಟರ್ ನೀರು. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಆಸುಪಾಸು. ಅಂದರೆ ಐದು ವರ್ಷದ ಮಳೆಯನ್ನು ಒಂದರ ಮೇಲೊಂದು ಪೇರಿಸಿ ನಿಲ್ಲಿಸಿದರೂ ಈ ಟೆಂಟ್ ತಡೆಯುತ್ತದೆ! ಆಗುಂಬೆಯವರು ಇದನ್ನು ನೋಡಿ ಕೊಳ್ಳಲಿ. ನಮಗೆ ಮೇಲಿನ ಹೊದಿಕೆಗೆ 1500, 2000 ಇದ್ದರೆ ಧಾರಾಳ. ತಳಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಇರಲಿ, ಏಕೆಂದರೆ ಮೇಲಿಂದ ಬೀಳುವ ಹನಿಗಿಂತ ಕೆಳಗಿನ ಒದ್ದೆ ನೆಲದ ಮೇಲೆ ನಾವು ಊರುವ ಮೊಣಕೈಯ ಒತ್ತಡ ಜಾಸ್ತಿ.

ಆದರೆ ಇಲ್ಲೊಂದು ತಕರಾರು. ನಮ್ಮ ಮಳೆ ನೆಟ್ಟಗೆ ಬೀಳುವುದಿಲ್ಲ, ಗಾಳಿ ಜೊತೆ ಅಡ್ಡಡ್ಡ ಬರುತ್ತದೆ. ನೆತ್ತಿಗಷ್ಟೇ ಟೋಪಿ ಹಾಕಿದ ಟೆಂಟುಗಳು ನೋಡಲು ಹಗುರ, ಅಗ್ಗ. ಅಡ್ಡ ಮಳೆ ಬಂದರೆ ಪಕ್ಕದ ಜಾಲರಿಯಿಂದ ನೀರು ನೇರ ಹಾಸಿಗೆಗೆ. ಹೊದಿಕೆ ನೆಲದವರೆಗೂ ಇಳಿಯುವಂತಿರಬೇಕು, ಬೇಡವಾದಾಗ ಪೂರ್ತಿ ತೆಗೆದಿಡುವಂತೆಯೂ ಇರಬೇಕು.

ಬೇಡವಾಗುವುದೇ ಜಾಸ್ತಿ. ನಮ್ಮೂರಿನ ಟೆಂಟಿಗೆ ನಿಜವಾದ ಪರೀಕ್ಷೆ ಬಿಸಿಲು. ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಅಂತ ಹೊರಗಿನವರು ತಮಾಷೆ ಮಾಡುತ್ತಾರೆ, ನಾವು ನಗುತ್ತೇವೆ, ನಕ್ಕು ಬೆವರು ಒರೆಸಿಕೊಳ್ಳುತ್ತೇವೆ. ಡಿಸೆಂಬರಿನಲ್ಲಿ ರಾತ್ರಿ ಹದಿನೈದು ಡಿಗ್ರಿ ಆಸುಪಾಸಿಗೆ ಇಳಿದು ಕೌದಿ ಬೇಡುತ್ತದೆ ನಿಜ. ಆದರೆ ಬೆಳಗ್ಗೆ ಎಂಟಕ್ಕೆಲ್ಲ ಸೂರ್ಯ ಕೆಲಸಕ್ಕೆ ಹಾಜರ್. ಪಾಲಿಯೆಸ್ಟರ್ ಬಟ್ಟೆಯ ಟೆಂಟ್ ಬಾಗಿಲು ಮುಚ್ಚಿಕೊಂಡು ಬಿಸಿಲಲ್ಲಿ ನಿಂತರೆ ಒಳಗಿದ್ದವರು ಇಡ್ಲಿ ಪಾತ್ರೆಯಲ್ಲಿ ಕೂತ ಹಾಗೆ. ಅದಕ್ಕೇ ನಾನು ಟೆಂಟ್ ನೋಡುವಾಗ ಮೊದಲು ಬೆರಳಿಟ್ಟು ನೋಡುವುದು ಜಾಲರಿ ಎಷ್ಟಿದೆ ಅಂತ. ನೆತ್ತಿ ಜಾಲರಿಯದ್ದಿರಬೇಕು, ಕಿಟಕಿ ಎದುರು ಬದುರು ಇರಬೇಕು, ಒಂದೇ ಕಡೆ ಎಷ್ಟು ದೊಡ್ಡ ಕಿಟಕಿ ಇದ್ದರೂ ಗಾಳಿ ಒಳಗೆ ಬಂದು ಅಲ್ಲೇ ಕೂರುತ್ತದೆ. ಒಣ ರಾತ್ರಿಯಲ್ಲಿ ಹೊದಿಕೆ ತೆಗೆದರೆ ಉಳಿಯುವುದು ನಾವು ಬೇಸಿಗೆಯಲ್ಲಿ ಮಾಳಿಗೆ ಮೇಲೆ ನಾಲ್ಕು ಕೋಲಿಗೆ ಕಟ್ಟಿಕೊಂಡು ಮಲಗುವ ಸೊಳ್ಳೆ ಪರದೆಯೇ, ಝಿಪ್ ಒಂದು ಜಾಸ್ತಿ. ಗಂಗಾವತಿ ಅಂದರೆ ಭತ್ತ, ಭತ್ತ ಅಂದರೆ ನಿಂತ ನೀರು, ನಿಂತ ನೀರು ಅಂದರೆ ಸೊಳ್ಳೆ. ಜಾಲರಿಯ ಕಣ್ಣು ಸಣ್ಣದಿರಬೇಕು ಅಂತ ಬೇರೆ ಹೇಳಬೇಕಿಲ್ಲ.

ಗಾಳಿ ಆಡದ ಟೆಂಟಿನಲ್ಲಿ ಇನ್ನೊಂದು ತಾಪತ್ರಯವಿದೆ. ಚಳಿಗಾಲದಲ್ಲಿ ಎಲ್ಲ ಮುಚ್ಚಿ ಮಲಗಿದರೆ ಬೆಳಗ್ಗೆ ಒಳಗೋಡೆಯಲ್ಲಿ ನೀರು ಇಳಿಯುತ್ತಿರುತ್ತದೆ. ಟೆಂಟ್ ಸೋರಿತು ಅಂತ ಜನ ಕಂಪನಿಯವರನ್ನು ಬೈಯುತ್ತಾರೆ. ಸೋರಿದ್ದಲ್ಲ, ಅದು ಅವರದ್ದೇ ಉಸಿರು. ರಾತ್ರಿಯಿಡೀ ಐದು ಮೂಗಿನಿಂದ ಹೊರಟ ಹಬೆ ತಣ್ಣನೆ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಒಳಗೊಂದು, ಹೊರಗೊಂದು ಎರಡು ಪದರ ಇದ್ದರೆ ಆ ಹನಿ ಹೊರಪದರದಲ್ಲಿ ಉಳಿಯುತ್ತದೆ, ನಮ್ಮ ಮುಖಕ್ಕೆ ಬೀಳುವುದಿಲ್ಲ. ಒಂದೇ ಪದರದ ಟೆಂಟು ಬೇಡವೇ ಬೇಡ. ಟೆಂಟಿನೊಳಗೆ ಸ್ಟೋವ್, ಕೆಂಡ ಇಡುವುದಂತೂ ಮಾತೇ ಇಲ್ಲ. ಬಟ್ಟೆಗೆ ಬೆಂಕಿ ಹತ್ತುವುದು ಒಂದು ಕಡೆ, ಇದ್ದಿಲಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ.

ಕಡು ಬೇಸಿಗೆಯಲ್ಲಿ ಈ ಭಾಗದಲ್ಲಿ ಟೆಂಟ್ ಹಾಕುವ ಧೈರ್ಯ ಇದ್ದದ್ದು ಒಬ್ಬರಿಗೇ, ಅವರು ಕೃಷ್ಣದೇವರಾಯರು. 1520ರಲ್ಲಿ ರಾಯಚೂರಿನ ಕೋಟೆಗಾಗಿ ಬಿಜಾಪುರದ ಆದಿಲ್ ಶಾಹನ ಮೇಲೆ ನಡೆದ ಯುದ್ಧ ಮೇ ತಿಂಗಳದ್ದು ಅಂತ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಮೇ ತಿಂಗಳು, ರಾಯಚೂರು! ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಆ ದಂಡಿನ ಬಗ್ಗೆ ಬರೆದಿಟ್ಟಿದ್ದಾನೆ. ರಾಯರ ಡೇರೆಯ ಸುತ್ತ ದೊಡ್ಡ ಮುಳ್ಳಿನ ಬೇಲಿ, ಒಳಗೆ ಹೋಗಲು ಒಂದೇ ಬಾಗಿಲು, ಬಾಗಿಲಲ್ಲಿ ಕಾವಲು. ಮುಳ್ಳಿಗೇನು, ನಮ್ಮ ಕಡೆ ಜಾಲಿ ಬೇಕಾದಷ್ಟಿದೆ. ಚೇಳು, ಹಾವಿನ ಭಯ ಇರುವವರಿಗೆ ಅದರಿಂದ ಉಪಯೋಗವಿಲ್ಲ, ಝಿಪ್ ಕೊನೆಯವರೆಗೂ ಎಳೆಯುವುದೇ ಉಪಾಯ. ಬೆಳಗ್ಗೆ ಚಪ್ಪಲಿ ಝಾಡಿಸಿ ಹಾಕಿಕೊಳ್ಳಬೇಕು. ಕಲ್ಲಿನ ಸೀಮೆಯಲ್ಲಿ ಚೇಳಿಗೂ ರಾತ್ರಿ ಬೆಚ್ಚನೆ ಜಾಗ ಬೇಕಲ್ವಾ.

ಕಲ್ಲು ಅಂದಾಗ ಗೂಟದ ಮಾತು ಬಂತು. ಟೆಂಟ್ ಜೊತೆ ಒಂದು ಸಣ್ಣ ಚೀಲದಲ್ಲಿ ಹತ್ತು ಹನ್ನೆರಡು ಗೂಟ ಕೊಡುತ್ತಾರೆ. ತುದಿ ಕೊಕ್ಕೆಯಾಗಿ ಬಾಗಿಸಿದ ತಂತಿ, ಪೆನ್ಸಿಲಿಗಿಂತ ತೆಳು. ಪರಿಚಯದವರಲ್ಲಿ ನೋಡಿದ ಟೆಂಟಿನ ಅಂಥದ್ದೊಂದು ಗೂಟ ಇಸಕೊಂಡು ಹೋಗಿ ತೋಟದ ಯಜಮಾನರಿಗೆ ತೋರಿಸಿದೆ. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು, ಬಿಸಿಲಿಗೆ ಹಿಡಿದು, ಮೆಲ್ಲಗೆ ಒತ್ತಿದರು, ಬಾಗಿತು. ‘ಇದಕ್ಕ ಆಡಿನ ಮರಿ ಕಟ್ಟಾಕೂ ಬರಂಗಿಲ್ಲಲ್ರೀ. ನೀವು ಐದು ಮಂದಿ ಅಂತೀರಿ,’ ಅಂದರು. ನಾನು ವಾದಿಸಲಿಲ್ಲ.

ಅವರ ಮಾತು ಸರಿ. ನಮ್ಮ ಮೂರು ಜಿಲ್ಲೆಯ ನೆಲ ಗೂಟದ ವೈರಿ. ಆನೆಗೊಂದಿ ಕಡೆ ಮೇಲೆ ಒಂದು ಗೇಣು ಮಣ್ಣು ಕಂಡರೂ ಕೆಳಗೆ ಬಂಡೆ, ಗೂಟ ಟಣ್ ಅಂತ ವಾಪಸ್ ಪುಟಿಯುತ್ತದೆ. ಸಿಂಧನೂರು, ಸಿರುಗುಪ್ಪ ಕಡೆಯ ಎರೆ ಮಣ್ಣಿನಲ್ಲಿ ಸಲೀಸಾಗಿ ಇಳಿಯುತ್ತದೆ, ಮಳೆ ಬಂದು ಮಣ್ಣು ಮೆತ್ತಗಾದರೆ ಅಷ್ಟೇ ಸಲೀಸಾಗಿ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಅದೇ ಎರೆ ಬಿರುಕು ಬಿಟ್ಟಿರುತ್ತದೆ, ಗೂಟ ಬಿರುಕಿನೊಳಗೆ ಬಿದ್ದರೆ ಹುಡುಕಲು ಹೋಗಬೇಡಿ. ಹಾಗಾಗಿ ಗೂಟವೇ ಇಲ್ಲದೆ ಕೋಲುಗಳ ಬಲದ ಮೇಲೆ ತಾನೇ ನಿಲ್ಲುವ ಟೆಂಟ್ ನಮಗೆ ಬೇಕು. ಗುಮ್ಮಟ ನಿಲ್ಲುತ್ತದೆ. ಸುರಂಗದ ಆಕಾರದ ಟೆಂಟುಗಳು ನಿಲ್ಲುವುದಿಲ್ಲ, ಅವಕ್ಕೆ ಎರಡೂ ತುದಿಯಲ್ಲಿ ಗೂಟದ ಎಳೆತ ಬೇಕು. ತಾನೇ ನಿಲ್ಲುವ ಟೆಂಟನ್ನೂ ಸುಮ್ನೆ ಬಿಡುವ ಹಾಗಿಲ್ಲ, ಗಾಳಿ ಬಂದರೆ ಖಾಲಿ ಟೆಂಟ್ ಉರುಳಿಕೊಂಡು ಹೋಗುತ್ತದೆ. ಗೂಟ ಇಳಿಯದ ಕಡೆ ಹಗ್ಗಕ್ಕೆ ಕಲ್ಲು ಕಟ್ಟಬೇಕು, ಆ ಕಲ್ಲಿನ ಮೇಲೆ ಇನ್ನೊಂದು ಕಲ್ಲು ಹೇರಬೇಕು. ನಮ್ಮಲ್ಲಿ ಕಲ್ಲಿಗೆ ಬರ ಇಲ್ಲ.

ಗೂಟವನ್ನು ನಾನು ಇಲ್ಲೇ ಮಾಡಿಸಿದೆ. ವೆಲ್ಡಿಂಗ್ ಅಂಗಡಿಯಲ್ಲಿ ಮನೆ ಕಟ್ಟಲು ಬಳಸುವ ಕಬ್ಬಿಣದ ಸರಳು ಒಂದೊಂದು ಅಡಿಗೆ ಕತ್ತರಿಸಿ, ಒಂದು ತುದಿ ಚೂಪು ಮಾಡಿ, ಇನ್ನೊಂದಕ್ಕೆ ಹಗ್ಗ ಜಾರದಂತೆ ಸಣ್ಣ ತುಂಡು ಬೆಸೆದು ಕೊಟ್ಟರು. ಸುತ್ತಿಗೆಯಲ್ಲಿ ಹೊಡೆದರೆ ಬಾಗುವುದಿಲ್ಲ. ನೆಟ್ಟಗೆ ಹೊಡೆಯಬಾರದು, ತಲೆ ಟೆಂಟಿನಿಂದ ಆಚೆ ವಾಲುವಂತೆ ಓರೆಯಾಗಿ ಹೊಡೆಯಬೇಕು, ದನ ಕಟ್ಟುವವರಿಗೆ ಹೇಳಿಕೊಡಬೇಕಾದ್ದಿಲ್ಲ. ಕಬ್ಬಿಣದ ಅದಿರಿನ ಜಿಲ್ಲೆಯಲ್ಲಿ ಕೂತು ಚೀನಾದ ತಂತಿ ಗೂಟ ನಂಬುವುದು ಏನು ಚೆಂದ? 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸುವವರೆಗೂ ಸಂಡೂರಿನ ಗುಡ್ಡ ಲಾರಿ ಹತ್ತಿ, ಹಡಗು ಹತ್ತಿ ಹೋದದ್ದು ಹೆಚ್ಚಾಗಿ ಆ ದೇಶಕ್ಕೇ. ಯಾರಿಗೆ ಗೊತ್ತು, ನಮ್ಮದೇ ಗುಡ್ಡ ಈಗ ಬಾಗುವ ತಂತಿಯಾಗಿ ಚೀಲದಲ್ಲಿ ವಾಪಸ್ ಬಂದಿರಬಹುದು.

ಕೋಲಿನ ವಿಷಯ ಬೇಗ ಮುಗಿಸುತ್ತೇನೆ. ಅಗ್ಗದ ಟೆಂಟಿಗೆ ಫೈಬರ್‌ಗ್ಲಾಸ್, ದುಬಾರಿಯದಕ್ಕೆ ಅಲ್ಯುಮಿನಿಯಂ. ಫೈಬರ್ ತೂಕ ಜಾಸ್ತಿ, ಮುರಿದರೆ ಸಿಬಿರು ಏಳುತ್ತದೆ, ಬರಿಗೈಯಲ್ಲಿ ಸವರಬಾರದು. ಅಲ್ಯುಮಿನಿಯಂ ಮುರಿಯುವ ಮೊದಲು ಬಾಗುತ್ತದೆ, ಕೊಳವೆಯೊಂದನ್ನು ತೊಡಿಸಿ ರಾತ್ರಿ ದೂಡಬಹುದು. ಮೊದಲ ಸಲದವರಿಗೆ, ಅದೂ ಕಾರಿನವರಿಗೆ, ದಪ್ಪ ಫೈಬರ್ ಸಾಕು ಅಂತ ನನ್ನ ಅಭಿಪ್ರಾಯ.

ಬಟ್ಟೆಯ ಬಗ್ಗೆ ಮಾತ್ರ ನನ್ನ ಅಭಿಪ್ರಾಯಕ್ಕೆ ಬೆಲೆ ಇಲ್ಲ, ಏಕೆಂದರೆ ನಾನಿರುವುದು ಬಳ್ಳಾರಿಯಲ್ಲಿ. ಇಲ್ಲಿ ಕೌಲ್ ಬಜಾರಿನ ಕಡೆ ಯಾವ ಗಲ್ಲಿಗೆ ಹೋದರೂ ಜೀನ್ಸ್ ಹೊಲಿಯುವವರು ಸಿಗುತ್ತಾರೆ. ಅಂಥ ಒಬ್ಬ ಪರಿಚಯದ ಅಣ್ಣನಿಗೆ ಟೆಂಟ್ ತೋರಿಸಿದೆ. ಅವನು ಬಣ್ಣ ನೋಡಲಿಲ್ಲ, ಎತ್ತರ ಕೇಳಲಿಲ್ಲ. ನೇರ ಒಳಗೆ ಕೈ ಹಾಕಿ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದ. ಜೀನ್ಸಿನ ಕಾಲಿನ ಒಳಬದಿಯಲ್ಲಿ ಬಟ್ಟೆಯ ಎರಡೂ ಅಂಚು ಒಂದರೊಳಗೊಂದು ಮಡಚಿ, ಮೇಲೆ ಎರಡು ಸಾಲು ಹೊಲಿಗೆ ಹಾಕಿರುತ್ತಾರಲ್ಲ, ಅದೇ ಹೊಲಿಗೆ ಒಳ್ಳೆಯ ಟೆಂಟಿನಲ್ಲೂ ಇರುತ್ತದೆ. ಅಂಚು ಒಳಗೆ ಸಿಕ್ಕಿಕೊಂಡಿರುವುದರಿಂದ ಜಗ್ಗಿದರೂ ಎಳೆ ಬಿಡುವುದಿಲ್ಲ. ‘ಸೂಜಿ ಹೋದ ಕಡೆಯೆಲ್ಲ ತೂತು ಅಣ್ಣಾ. ಬಟ್ಟೆ ಎಷ್ಟು ಚಲೋ ಇದ್ರೂ ನೀರು ಬರೋದು ಹೊಲಿಗಿ ಒಳಗಿಂದ. ಮ್ಯಾಲೆ ಟೇಪ್ ಅಂಟಿಸ್ಯಾರೋ ಇಲ್ಲೋ ನೋಡು,’ ಅಂದ. ಅಂಟಿಸಿದ್ದರು, ಒಂದು ಮೂಲೆಯಲ್ಲಿ ಟೇಪ್ ಸುರುಟಿತ್ತು. ಅದನ್ನು ಉಗುರಿನಿಂದ ಎಬ್ಬಿಸಿ ತೋರಿಸಿ, ಮತ್ತೆ ನೇವರಿಸಿ ಅಂಟಿಸಿದ. ಡೆನಿಯರ್ ಅಂತ ಬರೆದಿರುತ್ತಾರಲ್ಲ, ಅದನ್ನೂ ಅವನೇ ಬಿಡಿಸಿ ಹೇಳಿದ. 9000 ಮೀಟರ್ ದಾರದ ತೂಕ ಎಷ್ಟು ಗ್ರಾಮೋ ಅಷ್ಟು ಡೆನಿಯರ್. 75 ಡೆನಿಯರ್ ಅಂದರೆ ಒಂಬತ್ತು ಕಿಲೋಮೀಟರ್ ದಾರಕ್ಕೆ 75 ಗ್ರಾಂ. ಸಂಖ್ಯೆ ಜಾಸ್ತಿ ಇದ್ದಷ್ಟೂ ದಾರ ದಪ್ಪ. ಬೆನ್ನ ಮೇಲೆ ಹೊರುವವರು 20, 30ಕ್ಕೆ ಇಳಿಯುತ್ತಾರೆ, ನಮಗೆ ಆ ಹಂಗಿಲ್ಲ. ಬಿಸಿಲಿಗೆ ಬಟ್ಟೆ ಬೇಗ ಜೀರ್ಣವಾಗುವ ಊರಲ್ಲಿ ದಪ್ಪ ಇದ್ದಷ್ಟೂ ಒಳ್ಳೇದು. ಬಣ್ಣ ತಿಳಿ ಇದ್ದರೆ, ಒಳಗೆ ಬೆಳಕು ತಡೆಯುವ ಲೇಪ ಇದ್ದರೆ ಇನ್ನೂ ಒಳ್ಳೇದು, ಆರಕ್ಕೇ ಎಬ್ಬಿಸುವುದಿಲ್ಲ.

ಟೆಂಟಿನ ಕೆಳಗೆ ಹಾಸಲು ಅಂತ ಬೇರೆ ಹಾಳೆ ಮಾರುತ್ತಾರೆ, ಒಳ್ಳೆ ಬೆಲೆಗೆ. ತಾಡಪತ್ರಿ ಇರುವ ಸೀಮೆಯಲ್ಲಿ ಅದಕ್ಕೆ ದುಡ್ಡು ಕೊಡುವುದು ದಂಡ. ಭತ್ತ, ಮೆಣಸಿನಕಾಯಿ ಒಣಗಿಸುವ ತಾಡಪತ್ರಿಯನ್ನೇ ಹಾಸಿ. ಒಂದೇ ಎಚ್ಚರಿಕೆ, ಅಂಚು ಟೆಂಟಿನ ತಳದಿಂದ ಆಚೆ ಚಾಚಿರಬಾರದು, ಒಳಕ್ಕೆ ಮಡಚಿರಬೇಕು. ಇಲ್ಲದಿದ್ದರೆ ಮೇಲಿಂದ ಇಳಿದ ಮಳೆ ನೀರನ್ನೆಲ್ಲ ಹಿಡಿದು ಟೆಂಟಿನ ಕೆಳಗೇ ತಂದು ನಿಲ್ಲಿಸುತ್ತದೆ.

ಎಸೆದರೆ ತಾನೇ ಬಿಚ್ಚಿಕೊಳ್ಳುವ ಟೆಂಟುಗಳೂ ಇವೆ. ಬಿಚ್ಚಿಕೊಳ್ಳಲು ಎರಡು ಸೆಕೆಂಡ್, ಮತ್ತೆ ಮಡಚಿ ಚೀಲಕ್ಕೆ ಹಾಕಲು ಒಂದು ಬೆಳಗ್ಗೆ ಪೂರ್ತಿ. ಎಲ್ಲ ಗಿಡ್ಡ, ಅವ್ವನಿಗೆ ಆಗುವಂಥದ್ದಲ್ಲ. ಕಾರಿನ ಮೇಲೆ ಕೂರಿಸುವ ಟೆಂಟಂತೂ ಲಕ್ಷದ ಮಾತು, ಏಣಿ ಹತ್ತಿ ಮಲಗಬೇಕು. ಸಣ್ಣ ಕಾರಿನ ನೆತ್ತಿ ಓಡುವಾಗ ಅಷ್ಟು ಭಾರ ತಡೆಯುತ್ತದಾ ಅಂತ ಕಾರಿನ ಪುಸ್ತಕ ನೋಡಬೇಕು. ಏಣಿ ಅಂದ ಕೂಡಲೇ ನಮ್ಮನೆಯಲ್ಲಿ ಆ ಚರ್ಚೆ ಮುಗೀತು.

ನೆಲಕ್ಕೆ ಗೂಟ ಹೊಡೆಯದೆ, ಗಾಳಿಗೆ ಬೀಳದೆ, ಬಿಸಿಲಿಗೆ ಜೀರ್ಣವಾಗದೆ ನಿಂತದ್ದು ನೋಡಬೇಕು ಅಂದರೆ ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿಗೆ ಹೋಗಬೇಕು. ಗುಡ್ಡ ಹತ್ತಿದರೆ ಮೇಲೆ ನೂರಾರು ಕಲ್ಲಿನ ಮನೆಗಳು. ಚಪ್ಪಡಿ ನಿಲ್ಲಿಸಿ ಗೋಡೆ, ಮೇಲೊಂದು ಚಪ್ಪಡಿ ಸೂರು, ಕೆಲವಕ್ಕೆ ಒಂದು ಗೋಡೆಯಲ್ಲಿ ದುಂಡನೆ ಕಿಂಡಿ. ಕೆಲವಂತೂ ಆಳಿಗಿಂತ ಎತ್ತರ, ಅವ್ವ ಆರಾಮಾಗಿ ಸೀರೆ ಉಡಬಹುದು. ಮೋರ್ಯರ ಗುಡ್ಡ ಅಂತ ಊರವರು ಕರೆಯುತ್ತಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಬೃಹತ್ ಶಿಲಾಯುಗದ ಜನ ಕಟ್ಟಿದ್ದು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಬದುಕಿದ್ದವರಿಗಲ್ಲ, ತೀರಿಕೊಂಡವರಿಗಾಗಿ ಕಟ್ಟಿದ್ದು ಅನ್ನುವುದು ಪಂಡಿತರ ಮಾತು. ಅಲ್ಲಿ ಇಣುಕಿ ನೋಡಿ ಬರಬೇಕು ಅಷ್ಟೇ, ಒಳಗೆ ಚಾಪೆ ಹಾಸಬಾರದು.

ಟೆಂಟನ್ನು ಎಲ್ಲೆಂದರಲ್ಲಿ ಹಾಕುವ ಹಾಗೂ ಇಲ್ಲ ಬಿಡಿ. ಮಕ್ಕಳಿಗೆ ನದಿ ದಂಡೆಯೇ ಬೇಕಿತ್ತು. ತುಂಗಭದ್ರೆಯಲ್ಲಿ ಮೊಸಳೆ ಇದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿಲೋಮೀಟರ್ ನದಿ 2015ರಿಂದ ನೀರುನಾಯಿಗಳಿಗೆ ಮೀಸಲು. ಮೇಲೆ ಡ್ಯಾಮಿನಿಂದ ಯಾವಾಗ ನೀರು ಬಿಡುತ್ತಾರೋ ಏನೋ. ಜಾಸ್ತಿ ಬಿಟ್ಟ ವರ್ಷ ಕಂಪ್ಲಿ ಸೇತುವೆಯೇ ಮುಳುಗಿ ಓಡಾಟ ನಿಲ್ಲುತ್ತದೆ, ಇನ್ನು ಟೆಂಟ್ ಯಾವ ಲೆಕ್ಕ. ಬಂಡೆ ಗುಡ್ಡಗಳ ಕಡೆ ಕರಡಿ, ಚಿರತೆ ಓಡಾಡುತ್ತವೆ, ಅರಣ್ಯದ ಜಾಗವಾದರೆ ಇಲಾಖೆಯ ಅನುಮತಿ ಬೇಕು. ಬರೀ ಬಂಡೆಯ ಮೇಲೆ ಹಾಕಿದರೆ ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿ ಬೆನ್ನಿಗೆ ವಾಪಸ್ ಕೊಡುತ್ತದೆ. ತೋಟವೇ ಸರಿ. ಪೂರ್ವಕ್ಕೆ ಒಂದು ಬೇವಿನ ಮರ, ಪಶ್ಚಿಮಕ್ಕೆ ಗಾಳಿ ತಡೆಯಲು ಪಂಪ್‌ಸೆಟ್ ಮನೆ, ಮಲಗಲು ಮನಸ್ಸಾಗದವರಿಗೆ ಯಜಮಾನರ ಹೊರಸು. ರೊಟ್ಟಿ ಡಬ್ಬಿ ರಾತ್ರಿ ಕಾರಿನಲ್ಲೇ ಇರಬೇಕು, ಟೆಂಟಿನೊಳಗೆ ಇಟ್ಟರೆ ಇರುವೆಯಿಂದ ಹಿಡಿದು ನಾಯಿಯವರೆಗೂ ಅತಿಥಿಗಳು.

ಕೊನೆಗೆ ಒಪ್ಪಿಗೆಯಾದದ್ದು ಇದು: ಆರು ಜನರ ಗುಮ್ಮಟ, ನಡುವೆ 185 ಸೆಂಟಿಮೀಟರ್ ಎತ್ತರ, ನೆತ್ತಿ ಜಾಲರಿ, ನೆಲದವರೆಗೂ ಇಳಿಯುವ ಹೊದಿಕೆ, ಎದುರು ಬದುರು ಎರಡು ಬಾಗಿಲು. ಗಾಳಿಗೆ ಇದು ಸ್ವಲ್ಪ ಎತ್ತರವೇ. ಅವ್ವನ ಮೊಣಕಾಲಿಗೆ ಬಾಗಿಲು ಸ್ವಲ್ಪ ಗಿಡ್ಡವೇ. ಗಾಳಿಗೆ ಹೆಚ್ಚುವರಿ ಹಗ್ಗ, ಕಬ್ಬಿಣದ ಗೂಟ. ಅವ್ವನಿಗೆ ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಸ್ಟೂಲ್. ಹೊರಗಿನಿಂದ ಅದರ ಮೇಲೆ ಹಿಂಬದಿಯಾಗಿ ಕೂತು, ತಲೆ ತಗ್ಗಿಸಿ, ಕಾಲು ಒಳಗೆ ತಿರುಗಿಸಿಕೊಂಡರೆ ತೆವಳುವ ಕಷ್ಟವಿಲ್ಲ.

ಹೊಸ ಟೆಂಟನ್ನು ಮನೆಯಲ್ಲಿ ಒಂದು ಸಲ ಹಾಕಿ ನೋಡದೆ ಹೋಗಬಾರದು ಅಂತ ಎಲ್ಲರೂ ಹೇಳುತ್ತಾರೆ. ಯಾವ ಕೋಲು ಯಾವ ತೂತಿಗೆ ಅಂತ ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ಗಂಡ ಹೆಂಡತಿ ಜಗಳ ಆಡುವುದಕ್ಕಿಂತ ಹಗಲಲ್ಲಿ ಆಡುವುದು ಮೇಲು. ಭಾನುವಾರ ಮಾಳಿಗೆ ಮೇಲೆ ಹಾಕಿದೆವು. ಗಚ್ಚಿಗೆ ಗೂಟ ಇಳಿಯುವುದಿಲ್ಲವಲ್ಲ, ನಾಲ್ಕು ಮೂಲೆಗೂ ನೀರು ತುಂಬಿದ ಕ್ಯಾನ್ ಕಟ್ಟಿದೆವು. ಅವ್ವ ಸ್ಟೂಲಿನಲ್ಲಿ ಕೂತು ಒಳಗೆ ಹೋಗಿ, ಎದ್ದು ನಿಂತು, ಕೈ ಮೇಲೆತ್ತಿ ನೋಡಿ, ಜಾಲರಿಯ ಕಿಟಕಿಯಿಂದ ಹೊರಗೆ ಮುಖ ಹಾಕಿದಳು. ಪಕ್ಕದ ಮನೆಯವರು ಬಟ್ಟೆ ಒಣಹಾಕಲು ಬಂದವರು ಅಲ್ಲೇ ನಿಂತು ಕೂಗಿದರು, ‘ಏನ್ ಅಮ್ಮಾರೇ, ಮ್ಯಾಲೊಂದು ಪೋರ್ಷನ್ ಎಬ್ಬಿಸ್ಬಿಟ್ರಿ? ಬಾಡಿಗಿಗೆ ಕೊಡ್ತೀರೇನು? ನೀರು ಹೆಂಗೈತಿ?’

ಅವ್ವ ಕಿಟಕಿಯಿಂದಲೇ ಅಂದಳು, ‘ನೀರು ವಾರಕ್ಕೊಮ್ಮೆ. ಅಡ್ವಾನ್ಸ್ ಮೊದಲು ಕೊಡ್ರಿ.’